ನರ್ಸ್‌ಗಳ ಕೊರತೆ ಅಂತಾರೆ, ಹಾಗಾದ್ರೆ ಸಂಬಳ ಯಾಕೆ ಏರಲ್ಲ?

ಘಟಪ್ರಭಾ:

ಅಕ್ಕನ ಮಗಳು ಪಿಯುಸಿ ಸೈನ್ಸ್ ಮುಗಿಸಿದ್ದಾಳೆ. ಬಿಎಸ್ಸಿ ನರ್ಸಿಂಗ್ ಮಾಡ್ತೀನಿ ಅಂತಾಳೆ. ಮನೆಯಲ್ಲಿ ಅರ್ಧ ಜನ ಹೂಂ, ಅರ್ಧ ಜನ ಊಹೂಂ. ನನ್ನ ತಲೆ ತಿನ್ನುತ್ತಿರುವ ಪ್ರಶ್ನೆ ಬೇರೆ.

ದೇಶದಲ್ಲಿ ನರ್ಸ್‌ಗಳ ಕೊರತೆ ಇದೆ ಅಂತ ಎಲ್ಲರೂ ಹೇಳುತ್ತಾರೆ. 2022ರಲ್ಲಿ ಕೇಂದ್ರ ಸರ್ಕಾರ ಸಂಸತ್ತಿಗೆ ಕೊಟ್ಟ ಲೆಕ್ಕದ ಪ್ರಕಾರ ನೋಂದಣಿಯಾದ ನರ್ಸಿಂಗ್ ಸಿಬ್ಬಂದಿ 33.41 ಲಕ್ಷ. ಸಾವಿರ ಜನಕ್ಕೆ 1.96. ಸಾಮಾನ್ಯವಾಗಿ ಹೇಳುವ ಅಳತೆ ಸಾವಿರಕ್ಕೆ 3. ಸರಿ, ಕಡಿಮೆ ಇದೆ, ಒಪ್ಪಿದೆ. ಆದರೆ ನಮ್ಮೂರಿನ ಒಂದು ಆಸ್ಪತ್ರೆಯ ಗೇಟಿಗೆ ಅಂಟಿಸಿರುವ ಚೀಟಿ ನೋಡಿ: "ಸ್ಟಾಫ್ ನರ್ಸ್ ಬೇಕಾಗಿದ್ದಾರೆ. ಜಿಎನ್‌ಎಂ / ಬಿಎಸ್ಸಿ. ಸಂಬಳ 13,000." (ಜಿಎನ್‌ಎಂ ಅಂದರೆ ನರ್ಸಿಂಗ್ ಡಿಪ್ಲೊಮಾ.) ಗಾರೆ ಕೆಲಸಕ್ಕೆ ಜನ ಸಿಗದಿದ್ದರೆ ಕೂಲಿ ಏರುತ್ತದೆ. ಇಲ್ಲಿ ಯಾಕೆ ಏರಲ್ಲ? ಒಳಗಿನವರು ಯಾರಾದರೂ ಬಿಡಿಸಿ ಹೇಳ್ತೀರಾ?

ರಾತ್ರಿಪಾಳಿ:

ಇದು ನಾವು ಡ್ಯೂಟಿ ರೂಮಿನಲ್ಲಿ ದಿನಾ ಕೇಳಿಕೊಳ್ಳುವ ಪ್ರಶ್ನೆ.

ಮೊದಲು ಆ 33 ಲಕ್ಷ. ಅದು ಕೌನ್ಸಿಲ್ ರಿಜಿಸ್ಟರಿನಲ್ಲಿರುವ ಹೆಸರುಗಳ ಲೆಕ್ಕ. ಎಎನ್‌ಎಂ, ಅಂದರೆ ಸಹಾಯಕ ನರ್ಸ್ ಕೋರ್ಸ್, ಮಾಡಿದವರೂ ಅದರಲ್ಲೇ ಸೇರಿದ್ದಾರೆ. ರಿಜಿಸ್ಟರಿಗೆ ಹೆಸರು ಸೇರುತ್ತದೆ, ಹೊರಗೆ ಹೋಗುವುದು ಅಪರೂಪ. ಮದುವೆಯಾಗಿ ಕೆಲಸ ಬಿಟ್ಟವರು, ದುಬೈಗೆ ಹೋದವರು, ರಿಟೈರ್ ಆದವರು, ತೀರಿಹೋದವರು ಎಲ್ಲರೂ ಅಲ್ಲೇ ಇರುತ್ತಾರೆ. ನಿಜವಾಗಿ ಯಾರು ಕೆಲಸದಲ್ಲಿದ್ದಾರೆ ಅಂತ ತಿಳಿಯಲು ಐಎನ್‌ಸಿ (ಭಾರತೀಯ ನರ್ಸಿಂಗ್ ಕೌನ್ಸಿಲ್) ಆನ್‌ಲೈನ್ ನೋಂದಣಿ ಶುರು ಮಾಡಿ ಒಬ್ಬೊಬ್ಬರಿಗೂ ಒಂದು ನಂಬರ್ ಕೊಡುತ್ತಿದೆ. ಹಾಗಾಗಿ ಆ 1.96 ಅನ್ನೋದು ಕಾಗದದ ಮೇಲಿನ ಮಾತು. ವಾರ್ಡಿನಲ್ಲಿ ಅಷ್ಟೂ ಇಲ್ಲ.

ನಾನಿರುವುದು ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ. ಹೆಸರು ಬೇಡ. ಜನರಲ್ ವಾರ್ಡ್, 38 ಹಾಸಿಗೆ, ನೈಟ್‌ಗೆ ಇಬ್ಬರು. ಐಎನ್‌ಸಿ ಮಾನದಂಡದಲ್ಲಿ 5 ರೋಗಿಗಳಿಗೆ ಒಬ್ಬರು, ಮೆಡಿಕಲ್ ಕಾಲೇಜಿನ ಆಸ್ಪತ್ರೆಯಾದರೆ 3ಕ್ಕೆ ಒಬ್ಬರು. ರಜೆ ಹಾಕುವವರ ಜಾಗಕ್ಕೆ ಶೇ 30 ಹೆಚ್ಚುವರಿ ಬೇರೆ. ಓದುವಾಗ ಬಾಯಿಪಾಠ ಮಾಡಿ ಬರೆದಿದ್ದೆವು, ಅಷ್ಟೇ.

ಬೆಳಗಿನ ಜಾವ 5 ಗಂಟೆ ಹೇಗಿರುತ್ತದೆ ಹೇಳ್ತೀನಿ. 6ರೊಳಗೆ ಎಲ್ಲರ ಬಿಪಿ, ಪಲ್ಸ್, ಟೆಂಪರೇಚರ್ ಚಾರ್ಟಿಗೆ ಏರಬೇಕು. ಶುಗರ್ ಇರುವವರ ಬೆರಳು ಚುಚ್ಚಬೇಕು. ಲ್ಯಾಬಿಗೆ ರಕ್ತ ತೆಗೆಯಬೇಕು. 6 ಗಂಟೆಯ ಆಂಟಿಬಯಾಟಿಕ್ ಕಲಸಿ ಇಡಬೇಕು. ಯೂರಿನ್ ಬ್ಯಾಗ್ ಖಾಲಿ ಮಾಡಿ ಎಷ್ಟು ಎಂಎಲ್ ಅಂತ ಬರೆಯಬೇಕು. ಆಪರೇಷನ್‌ಗೆ ಹೋಗುವವರನ್ನು ರೆಡಿ ಮಾಡಬೇಕು. ಅಷ್ಟರಲ್ಲಿ 14ನೇ ಬೆಡ್‌ನಲ್ಲಿ ಕ್ಯಾನುಲಾ (ಡ್ರಿಪ್‌ಗೆ ಕೈಗೆ ಚುಚ್ಚಿಡುವ ಕೊಳವೆ) ಕಿತ್ತುಬಂದು ಹಾಸಿಗೆಯೆಲ್ಲ ರಕ್ತ. 31ರ ತಾತ ಒಬ್ಬರೇ ಎದ್ದು ಬಾತ್‌ರೂಮಿಗೆ ಹೊರಟಿದ್ದಾರೆ. ಇಬ್ಬರಲ್ಲಿ ಒಬ್ಬಳು ಹೊಸಬಳು. ಏನು ಬಿಡೋದು? ನಿಜ ಹೇಳಬೇಕಂದ್ರೆ ಮೊದಲು ಬಿಡುವುದು ಬಿಪಿ. ರಾತ್ರಿ 10ರ ಅಂಕಿಯನ್ನೇ ಸ್ವಲ್ಪ ಆಚೀಚೆ ಮಾಡಿ ಬರೆಯುವವರನ್ನು ಕಣ್ಣಾರೆ ಕಂಡಿದ್ದೇನೆ. ಬೈಯಲು ಮನಸ್ಸು ಬರಲಿಲ್ಲ.

ನಮ್ಮ ಬ್ಯಾಚಿನ ವಾಟ್ಸಾಪ್ ಗ್ರೂಪ್ ತೆಗೆದರೆ ಗಲ್ಫ್, ಐರ್ಲೆಂಡ್, ಜರ್ಮನಿ ಅಂತ ದೊಡ್ಡ ಪಟ್ಟಿ. ಕೆಲವರು ಮನೆಯಲ್ಲಿದ್ದಾರೆ. ಒಬ್ಬಳು ಇನ್ಶೂರೆನ್ಸ್ ಕ್ಲೈಮ್ ನೋಡುವ ಕಂಪನಿಯಲ್ಲಿ ಹಾಯಾಗಿ ಕೂತಿದ್ದಾಳೆ. ಓದಿದವರು ಇದ್ದಾರೆ ಸ್ವಾಮಿ. 13,000ಕ್ಕೆ ನೈಟ್ ಮಾಡಲು ತಯಾರಿಲ್ಲ, ಅಷ್ಟೇ.

ಮೀಸೆ_ಬ್ರದರ್:

ಅಕ್ಕ ಹೇಳಿದ್ದು ಪಾಯಿಂಟ್. ನಾನು ಜಿಲ್ಲಾ ಆಸ್ಪತ್ರೆ, ಸರ್ಕಾರಿ ಖಾಯಂ. ನಮ್ಮ ಕಡೆಯ ಕಥೆ ಸ್ವಲ್ಪ ಬೇರೆ.

ಒಂದೇ ವಾರ್ಡಿನಲ್ಲಿ ಮೂರು ಜಾತಿ ನರ್ಸ್‌ಗಳಿದ್ದೇವೆ. ಖಾಯಂ, ಎನ್‌ಎಚ್‌ಎಂ (ರಾಷ್ಟ್ರೀಯ ಆರೋಗ್ಯ ಅಭಿಯಾನ) ಗುತ್ತಿಗೆ, ಏಜೆನ್ಸಿಯ ಹೊರಗುತ್ತಿಗೆ. ಒಂದೇ ಇಂಜೆಕ್ಷನ್, ಒಂದೇ ನೈಟ್. ನನಗೆ ಬರುವ ಸಂಬಳದಲ್ಲಿ ಹೊರಗುತ್ತಿಗೆಯ ಮೂವರಿಗೆ ಕೊಡಬಹುದು. ಅವರಿಗೆ ಪ್ರತಿ ವರ್ಷ ಆರ್ಡರ್ ರಿನ್ಯೂ ಆಗುತ್ತದೋ ಇಲ್ಲವೋ ಅನ್ನುವ ಚಿಂತೆ. ಏಜೆನ್ಸಿ ಬದಲಾದರೆ ಎರಡು ತಿಂಗಳ ಸಂಬಳ ಬಾಕಿ. 2023ರ ಫೆಬ್ರುವರಿಯಲ್ಲಿ ಎನ್‌ಎಚ್‌ಎಂನವರು ಫ್ರೀಡಂ ಪಾರ್ಕಿನಲ್ಲಿ ಕೂತಿದ್ದು ನೆನಪಿರಬೇಕಲ್ವಾ? ಕೇಳಿದ್ದು ಚಂದ್ರನನ್ನಲ್ಲ, ಖಾಯಂ ಮಾಡಿ ಅಂತ.

ಇನ್ನೊಂದು ಮಾತು. ಆಸ್ಪತ್ರೆಗೆ ಹಾಸಿಗೆ ಹೆಚ್ಚಿಸುವಾಗ ಕಟ್ಟಡಕ್ಕೆ ದುಡ್ಡು ಬರುತ್ತದೆ, ಮಂತ್ರಿಗಳು ಬಂದು ಟೇಪ್ ಕತ್ತರಿಸುತ್ತಾರೆ. ನರ್ಸ್ ಹುದ್ದೆ ಮಾತ್ರ ಹಳೆಯ ಹಾಸಿಗೆ ಲೆಕ್ಕದಲ್ಲೇ ಇರುತ್ತದೆ. ಹೊಸ ಹುದ್ದೆ ಮಂಜೂರಾಗಬೇಕಾದರೆ ಫೈಲ್ ಆರ್ಥಿಕ ಇಲಾಖೆ ದಾಟಬೇಕು. ಅದು ದಾಟುವಷ್ಟರಲ್ಲಿ ಹೊಸ ಕಟ್ಟಡಕ್ಕೆ ಎರಡನೇ ಸಲ ಬಣ್ಣ ಹೊಡೆದಿರುತ್ತಾರೆ. ಹೀಗಾಗಿ "ಖಾಲಿ ಹುದ್ದೆ ಇಷ್ಟು" ಅಂತ ಪೇಪರಿನಲ್ಲಿ ಬರುವ ಲೆಕ್ಕವೂ ಪೂರ್ತಿ ಅಲ್ಲ. ಮಂಜೂರೇ ಆಗದ ಹುದ್ದೆ ಖಾಲಿ ಅಂತ ಎಲ್ಲೂ ಕಾಣಿಸಲ್ಲ.

20ಬೆಡ್:

ಎಲ್ಲರೂ ಬೈಯುವ ಮೊದಲು ನಾನೇ ಹೇಳಿಬಿಡ್ತೀನಿ. ನಾನು ತಾಲ್ಲೂಕು ಕೇಂದ್ರದಲ್ಲಿ ಸಣ್ಣ ನರ್ಸಿಂಗ್ ಹೋಂ ನಡೆಸುವವನು. ಆ 13,000ದ ಚೀಟಿಯಂಥದ್ದನ್ನು ನಾನೂ ಅಂಟಿಸಿದ್ದೇನೆ. ನಾರ್ಮಲ್ ಡೆಲಿವರಿಗೆ ನಮ್ಮೂರಿನ ಜನ ಎಷ್ಟು ಕೊಡಬಲ್ಲರು ಅಂತ ಒಂದು ಮಿತಿ ಇದೆ. ಸರ್ಕಾರಿ ಯೋಜನೆಯ ಪ್ಯಾಕೇಜ್ ದರ ಇನ್ನೂ ಕಡಿಮೆ, ಅದೂ ಕೈಗೆ ಬರುವುದು ಯಾವಾಗಲೋ. ಮೂರು ಶಿಫ್ಟ್, ವಾರದ ರಜೆ ಎಲ್ಲ ಸೇರಿಸಿದರೆ 20 ಬೆಡ್‌ಗೆ ಹತ್ತು ಹನ್ನೆರಡು ಜನರಾದರೂ ಬೇಕು. ತಲಾ 25,000 ಕೊಟ್ಟರೆ ನಾನು ಬಾಗಿಲು ಮುಚ್ಚಿ ಯಾವುದಾದರೂ ದೊಡ್ಡ ಆಸ್ಪತ್ರೆಯಲ್ಲಿ ಸಂಬಳಕ್ಕೆ ಸೇರಿಕೊಳ್ಳಬೇಕು.

ತರಬೇತಿ ಕೊಡುವವನೂ ನಾನೇ. ಕಾಲೇಜಿನಿಂದ ಬಂದವರಿಗೆ ಕ್ಯಾನುಲಾ ಹಾಕಲು ಬರಲ್ಲ. ಆರು ತಿಂಗಳು ಕಲಿಸಿದ ಮೇಲೆ "ಸರ್, ಬೆಂಗಳೂರಲ್ಲಿ ಕೆಲಸ ಸಿಕ್ತು" ಅಂತ ಹೊರಡುತ್ತಾರೆ.

ರಾತ್ರಿಪಾಳಿ:

ಡಾಕ್ಟ್ರೇ, ಕಷ್ಟ ಅರ್ಥವಾಯಿತು. ಆದರೆ 12 ಜನ ಬೇಕಾದ ಕಡೆ ನೀವು ಇಟ್ಟಿರುವುದು ಎಷ್ಟು ಜನ? ಅವರಲ್ಲಿ ರಿಜಿಸ್ಟರ್ ಆದವರು ಎಷ್ಟು?

20ಬೆಡ್:

ಐದು. ಅದರಲ್ಲಿ ಇಬ್ಬರು ಜಿಎನ್‌ಎಂ. ಉಳಿದವರು ಇಲ್ಲೇ ನೋಡಿ ಕಲಿತವರು. ಸುಳ್ಳು ಹೇಳಿ ಏನು ಮಾಡಲಿ? ತಾಲ್ಲೂಕಿನಲ್ಲಿ ಬಹಳ ಕಡೆ ಇದೇ ಕಥೆ.

ಟ್ಯೂಟರಮ್ಮ:

"ಕಾಲೇಜಿನಿಂದ ಬಂದವರಿಗೆ ಕ್ಯಾನುಲಾ ಹಾಕಲು ಬರಲ್ಲ." ಈ ಮಾತಿಗೆ ನಾನು ಉತ್ತರ ಕೊಡಬೇಕು, ಯಾಕೆಂದರೆ ನಾನು ಕಲಿಸುವವಳು. ಬರಲ್ಲ, ನಿಜ. ಯಾಕೆ ಬರಲ್ಲ ಕೇಳಿ.

ನರ್ಸಿಂಗ್ ಕಾಲೇಜಿಗೆ ತನ್ನದೇ 100 ಹಾಸಿಗೆಯ ಪೇರೆಂಟ್ ಹಾಸ್ಪಿಟಲ್ ಇರಬೇಕು ಅಂತ ಐಎನ್‌ಸಿ ನಿಯಮ. ನಮ್ಮ ರಾಜ್ಯದಲ್ಲಿ ನೂರಾರು ಕಾಲೇಜುಗಳಿವೆ. ಕೆಲವಕ್ಕೆ ಒಳ್ಳೆಯ ಆಸ್ಪತ್ರೆ ಇದೆ. ಕೆಲವು ಕಾಂಪ್ಲೆಕ್ಸಿನ ಎರಡನೇ ಮಹಡಿಯಲ್ಲಿವೆ, ಕೆಳಗೆ ಚಪ್ಪಲಿ ಅಂಗಡಿ. ನಾನು ಮೊದಲು ಕೆಲಸ ಮಾಡಿದ ಕಡೆ ಇನ್‌ಸ್ಪೆಕ್ಷನ್ ದಿನ ಹಾಸಿಗೆಗೆ ಹೊಸ ಬೆಡ್‌ಶೀಟ್, ಹಾಸಿಗೆಯ ಮೇಲೆ ಅಕ್ಕಪಕ್ಕದ ಓಣಿಯ ಅಜ್ಜಿಯರು. ಊಟ, ಇನ್ನೂರು ರೂಪಾಯಿ, ಕೈಗೆ ಒಂದು ಬ್ಯಾಂಡೇಜ್. ತಂಡದವರು ಒಬ್ಬ ಅಜ್ಜಿಗೆ "ಏನಾಗಿದೆ ಅಮ್ಮಾ" ಅಂತ ಕೇಳಿದರು. "ಏನೂ ಆಗಿಲ್ಲಪ್ಪಾ, ಮಲಗು ಅಂದ್ರು ಮಲಗೀನಿ" ಅಂದರು ಅಜ್ಜಿ. ನಗು ಬರುತ್ತದೆ. ಅನುಮತಿ ಸಿಕ್ಕಿತು ಅನ್ನೋದು ನಗುವ ವಿಷಯ ಅಲ್ಲ.

ಇನ್ನು ಹಾಜರಾತಿ. ಹೊರರಾಜ್ಯದಿಂದ ಏಜೆಂಟ್ ಮೂಲಕ ಬರುವ ಕೆಲವು ಮಕ್ಕಳು ಪರೀಕ್ಷೆಗೆ ಮಾತ್ರ ಕಾಣಿಸುತ್ತಾರೆ. ರೋಗಿಯನ್ನೇ ಮುಟ್ಟದೆ ನಾಲ್ಕು ವರ್ಷ ಮುಗಿಯುತ್ತದೆ. ನಿಯತ್ತಾಗಿ ಬರುವ ಮಕ್ಕಳಿಗೂ ಸಮಸ್ಯೆ ಇದೆ. ಒಂದೇ ಜಿಲ್ಲಾ ಆಸ್ಪತ್ರೆಗೆ ಹತ್ತು ಕಾಲೇಜಿನವರು ಪೋಸ್ಟಿಂಗ್‌ಗೆ ಬಂದರೆ ಒಂದು ಬೆಡ್ ಸುತ್ತ ಹದಿನೈದು ಬಿಳಿ ಕೋಟು ನಿಂತಿರುತ್ತವೆ. ಮುಂದೆ ನಿಂತವಳಿಗೆ ಕಾಣುತ್ತದೆ. ಹಿಂದೆ ನಿಂತವಳು ಮೊಬೈಲ್ ನೋಡುತ್ತಾಳೆ. ನನಗೂ ಬೈಯಲು ಆಗಲ್ಲ.

2017ರಲ್ಲಿ ನಮ್ಮ ಕಾಲೇಜುಗಳಿಗೆ ಐಎನ್‌ಸಿ ಮಾನ್ಯತೆ ಬೇಕೋ, ರಾಜ್ಯ ಕೌನ್ಸಿಲ್ ಅನುಮತಿ ಸಾಕೋ ಅಂತ ಕೋರ್ಟಿನವರೆಗೆ ಹೋಗಿ ಗೊಂದಲ ಆಯಿತು. ಮಕ್ಕಳನ್ನು ಇಲ್ಲಿ ಓದಲು ಕಳಿಸಿದ್ದ ಕೇರಳದ ತಂದೆತಾಯಿಗಳು ಫೋನ್ ಮೇಲೆ ಫೋನ್. ಈಗ 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆ ಬಂದಿದೆ, 1947ರ ಹಳೆಯ ಕಾಯ್ದೆಯ ಜಾಗಕ್ಕೆ. ಅದೇ ವರ್ಷ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟ 157 ಹೊಸ ಸರ್ಕಾರಿ ನರ್ಸಿಂಗ್ ಕಾಲೇಜುಗಳಿಗೆ ಒಪ್ಪಿಗೆ ಕೊಟ್ಟಿತು. 1,570 ಕೋಟಿ ರೂಪಾಯಿ, ವರ್ಷಕ್ಕೆ ಸುಮಾರು 15,700 ಪದವೀಧರರು. ಮೆಡಿಕಲ್ ಕಾಲೇಜಿನ ಜೊತೆಗೇ ಇರುವುದರಿಂದ ನಿಜವಾದ ರೋಗಿಗಳು ಸಿಗುತ್ತಾರೆ. ಅದು ಒಳ್ಳೆಯದೇ. ಆದರೆ ಅಷ್ಟು ಕಾಲೇಜಿಗೆ ಎಂಎಸ್ಸಿ ಮಾಡಿದ ಬೋಧಕರು ಎಲ್ಲಿಂದ ಬರುತ್ತಾರೆ? ಅವರೂ ಹೊರದೇಶಕ್ಕೆ ಹೋಗಲು ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆ ಬರೆಯುತ್ತಿದ್ದಾರೆ.

ರೈನ್_ತೀರ:

ಬರೆದು ಬಂದವಳು ನಾನು 🙂 ಐಇಎಲ್‌ಟಿಎಸ್ ಅಲ್ಲ, ಜರ್ಮನ್ ಭಾಷೆಯ ಬಿ2 ಪರೀಕ್ಷೆ. ಊರು ಚಿಕ್ಕಮಗಳೂರು ಕಡೆ.

ಇಲ್ಲಿ ದುಡ್ಡು ಸುರಿಯುತ್ತದೆ ಅಂದುಕೊಂಡವರಿಗೆ ಒಂದು ವಿಷಯ. ಭಾರತದಲ್ಲಿ ರೋಗಿಗೆ ಸ್ನಾನ, ಊಟ, ಬೆಡ್‌ಪ್ಯಾನ್ ಎಲ್ಲ ಮನೆಯವರು ಅಥವಾ ಆಯಾ ನೋಡಿಕೊಳ್ಳುತ್ತಾರೆ. ಇಲ್ಲಿ ಅದು ನರ್ಸ್ ಕೆಲಸ. ಮೊದಲ ವಾರ ಎಂಬತ್ತು ದಾಟಿದ ಒಬ್ಬರಿಗೆ ಒರೆಸಿ, ಬಟ್ಟೆ ಬದಲಿಸಿ, ಬ್ರೆಡ್ಡಿಗೆ ಬೆಣ್ಣೆ ಹಚ್ಚಿ ಕೊಡುವಾಗ "ಇದಕ್ಕಾ ಬಿಎಸ್ಸಿ ಓದಿದ್ದು" ಅಂತ ಅಳು ಬಂತು. ಇಂಜೆಕ್ಷನ್ ಕೊಡುವುದಕ್ಕಿಂತ ಸೊಂಟ ನೋವೇ ಜಾಸ್ತಿ.

ಆದರೂ ಯಾಕೆ ಇದ್ದೇನೆ? ಮುಂದಿನ ತಿಂಗಳ ಡ್ಯೂಟಿ ಪಟ್ಟಿ ಈಗಲೇ ಕೈಯಲ್ಲಿದೆ. ರಜೆ ಅಂದರೆ ರಜೆ. ಓವರ್‌ಟೈಮ್ ನಿಮಿಷದ ಲೆಕ್ಕದಲ್ಲಿ ಬರೆಯುತ್ತಾರೆ. ಡಾಕ್ಟರು "ನಿಮಗೇನು ಅನಿಸುತ್ತೆ" ಅಂತ ಕೇಳುತ್ತಾರೆ. ಊರಿನಲ್ಲಿ ನಾನು ಕೆಲಸ ಬಿಡುತ್ತೇನೆ ಅಂದಾಗ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಹಿಡಿದಿಟ್ಟುಕೊಂಡು ಐವತ್ತು ಸಾವಿರ ಕಟ್ಟು ಅಂದಿದ್ದರು. ಬಾಂಡ್ ಅಂತೆ. ಆ ದಿನವೇ ತೀರ್ಮಾನ ಆಗಿತ್ತು, ಜರ್ಮನಿ ಅನ್ನೋದು ಆಮೇಲಿನ ಮಾತು.

ಮತ್ತೆ, ಇದು ಭಾರತದ್ದೊಂದೇ ತಾಪತ್ರಯ ಅಲ್ಲ. ಡಬ್ಲ್ಯೂಎಚ್‌ಒ 2025ರ ವರದಿಯಲ್ಲಿ ಜಗತ್ತಿನಲ್ಲೇ 58 ಲಕ್ಷ ನರ್ಸ್‌ಗಳು ಕಡಿಮೆ ಇದ್ದಾರೆ, ಏಳರಲ್ಲಿ ಒಬ್ಬರು ಹುಟ್ಟಿದ ದೇಶ ಬಿಟ್ಟು ಬೇರೆ ಕಡೆ ಕೆಲಸ ಮಾಡುತ್ತಿದ್ದಾರೆ ಅಂತಿದೆ. ಶ್ರೀಮಂತ ದೇಶಗಳು ತಮ್ಮವರಿಗೆ ಸಾಕಷ್ಟು ಕೊಡದೆ ನಮ್ಮನ್ನು ಕರೆಸಿಕೊಳ್ಳುತ್ತವೆ. ಇಂಗ್ಲೆಂಡಿನ ನರ್ಸ್‌ಗಳೇ 2022ರ ಡಿಸೆಂಬರ್‌ನಲ್ಲಿ ಬೀದಿಗಿಳಿದರಲ್ಲ.

ಮಂಡ್ಯ_ಮಾವ:

ದೇಶದ ತೆರಿಗೆ ದುಡ್ಡಲ್ಲಿ ಓದಿ ಪರದೇಶದ ಸೇವೆ. ಐದು ವರ್ಷ ಇಲ್ಲೇ ಇರಬೇಕು ಅಂತ ಕಾನೂನು ಮಾಡಿದರೆ ಎಲ್ಲ ಸರಿಹೋಗುತ್ತೆ.

ರೈನ್_ತೀರ:

ಮಾವ, ನಾನು ಓದಿದ್ದು ಖಾಸಗಿ ಕಾಲೇಜಿನಲ್ಲಿ. ಅಪ್ಪ ಕಾಫಿ ತೋಟ ಅಡವಿಟ್ಟು ಫೀಸ್ ಕಟ್ಟಿದ್ದು. ಸರ್ಕಾರದ ಒಂದು ಪೈಸೆ ಇಲ್ಲ.

ಟ್ಯೂಟರಮ್ಮ:

ಈ ರಾಜ್ಯದಲ್ಲಿ ನರ್ಸಿಂಗ್ ಓದುವವರಲ್ಲಿ ಬಹುಪಾಲು ಖಾಸಗಿ ಕಾಲೇಜಿನವರೇ. ಸಾಲ ಮಾಡಿ ಓದಿದವಳಿಗೆ 13,000 ಸಂಬಳದಲ್ಲಿ ಬ್ಯಾಂಕಿನ ಕಂತೂ ಕಟ್ಟಲಾಗಲ್ಲ. ತಡೆಯುವ ಕಾನೂನು ತಂದರೆ ಹೊರಡುವವರು ನಿಲ್ಲಲ್ಲ, ಓದಲು ಬರುವವರು ನಿಲ್ಲುತ್ತಾರೆ.

ವಾರ್ಡ್_ಹೊರಗೆ:

ನಾನು ನರ್ಸ್ ಅಲ್ಲ. ಅಮ್ಮನಿಗೆ ಸ್ಟ್ರೋಕ್ ಆಗಿ ಆಸ್ಪತ್ರೆಯಲ್ಲಿದ್ದಾಗ ಪಕ್ಕದಲ್ಲಿ ಕೂತವನು. ಗಂಟಲಿನ ಟ್ಯೂಬಿನಿಂದ ಕಫ ತೆಗೆಯುವುದನ್ನು ಸಿಸ್ಟರ್ ನನಗೆ ಹೇಳಿಕೊಟ್ಟರು. "ರಾತ್ರಿ ನಾನು ಬರುವುದು ಲೇಟ್ ಆದರೆ ನೀವೇ ಮಾಡಿ ಅಣ್ಣ" ಅಂದರು. ನಾನು ಎಲೆಕ್ಟ್ರಿಷಿಯನ್. ಮಾಡಿದೆ. ಆಗ ಸಿಸ್ಟರ್ ಮೇಲೆ ಸಿಟ್ಟು ಬಂದಿತ್ತು. ಇಲ್ಲಿ ಎಲ್ಲ ಓದಿದ ಮೇಲೆ ಸಿಟ್ಟು ಹೋಗಿಲ್ಲ, ಆದರೆ ಯಾರ ಮೇಲೆ ಅನ್ನೋದು ಬದಲಾಗಿದೆ. ಬಿಲ್ಲಿನಲ್ಲಿ "ನರ್ಸಿಂಗ್ ಚಾರ್ಜಸ್" ಅಂತ ದಿನಕ್ಕೆ ಇಷ್ಟು ಅಂತ ಹಾಕಿದ್ದರಲ್ಲ, ಅದು ಎಲ್ಲಿಗೆ ಹೋಯಿತು?

ರಾತ್ರಿಪಾಳಿ:

ನನಗಂತೂ ಬಂದಿಲ್ಲ ಅಣ್ಣ.

ಅಂಕಿಅಂಶ:

ಒಳ್ಳೆಯ ಚರ್ಚೆ. ಘಟಪ್ರಭಾ ಅವರ ಮೂಲ ಪ್ರಶ್ನೆಗೆ ನನ್ನ ಉತ್ತರ: ಕಡಿಮೆ ಜನ ಇಟ್ಟುಕೊಂಡರೆ ಆಸ್ಪತ್ರೆಗೆ ಯಾವ ದಂಡವೂ ಇಲ್ಲ. 5ಕ್ಕೆ ಒಬ್ಬರು ಅನ್ನೋದು ಮಾನದಂಡ, ಮುರಿದರೆ ಬಾಗಿಲು ಮುಚ್ಚಿಸುವ ಕಾನೂನಲ್ಲ. 12 ಜನರ ಕೆಲಸ ಐದು ಜನರಿಂದ ನಡೆದುಹೋಗುತ್ತದೆ ಅಂದ ಮೇಲೆ ಆರನೆಯವಳಿಗೆ ಯಾರು ಜಾಸ್ತಿ ಕೊಡುತ್ತಾರೆ? ರೋಗಿಗೆ ಬೇಕು, ಕೊಳ್ಳುವವನಿಗೆ ಬೇಡ. ಅದಕ್ಕೇ ಸಂಬಳ ಏರಲ್ಲ.

ನಡೆದುಹೋಗುತ್ತದೆ ಅನ್ನೋದಕ್ಕೂ ಬೆಲೆ ಇದೆ. ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಗಳಲ್ಲಿ ನಡೆದ, 2002ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ಒಬ್ಬ ನರ್ಸ್‌ಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ ಸರ್ಜರಿ ರೋಗಿಗಳು 30 ದಿನದೊಳಗೆ ಸಾಯುವ ಸಾಧ್ಯತೆ ಶೇ 7ರಷ್ಟು ಏರುವುದು ಕಂಡಿತು. ಕ್ಯಾಲಿಫೋರ್ನಿಯಾದಲ್ಲಿ 1999ರಲ್ಲೇ ಕಾನೂನು ಮಾಡಿ 2004ರಿಂದ ಜಾರಿಗೆ ತಂದರು. ಈಗ ಅಲ್ಲಿ ಸಾಮಾನ್ಯ ವಾರ್ಡಿನಲ್ಲಿ ಒಬ್ಬರಿಗೆ 5ಕ್ಕಿಂತ ಹೆಚ್ಚು ರೋಗಿಗಳನ್ನು ಕೊಡುವಂತಿಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ 2016ರಲ್ಲಿ ಇಂಥದ್ದೇ ನಿಯಮ ತಂದಿತು. ಆಮೇಲೆ ಲೆಕ್ಕ ಹಾಕಿದರೆ ಸಾವು ಕಡಿಮೆ, ಮತ್ತೆ ಅಡ್ಮಿಟ್ ಆಗುವವರು ಕಡಿಮೆ, ಉಳಿದ ಹಣ ಹೆಚ್ಚುವರಿ ನರ್ಸ್‌ಗಳ ಖರ್ಚಿನ ಎರಡು ಪಟ್ಟು.

ಸಂಬಳದ ವಿಷಯದಲ್ಲಿ ನಮ್ಮಲ್ಲೂ ದಾರಿ ಹಾಕಿಟ್ಟಿದ್ದಾರೆ. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೇಂದ್ರದ ಸಮಿತಿ ಶಿಫಾರಸು ಕೊಟ್ಟಿತು. 200ಕ್ಕಿಂತ ಹೆಚ್ಚು ಹಾಸಿಗೆ ಇದ್ದರೆ ರಾಜ್ಯ ಸರ್ಕಾರದ ನರ್ಸ್‌ಗೆ ಸಮನಾದ ಸಂಬಳ. 100ರ ಮೇಲಿದ್ದರೆ ಅದಕ್ಕಿಂತ ಶೇ 10ರಷ್ಟು ಮಾತ್ರ ಕಡಿಮೆ ಇರಬಹುದು. 50ರಿಂದ 100ಕ್ಕೆ ಶೇ 25. 50ಕ್ಕಿಂತ ಸಣ್ಣದಾದರೂ 20,000ಕ್ಕಿಂತ ಇಳಿಯಬಾರದು. ಇದು ಸುಮಾರು ಹತ್ತು ವರ್ಷದ ಹಿಂದಿನ 20,000, ನೆನಪಿರಲಿ. ಕೇರಳದವರು ಬೀದಿಗಿಳಿದು ಹೋರಾಡಿ 2018ರಲ್ಲಿ ಕನಿಷ್ಠ ವೇತನದ ಅಧಿಸೂಚನೆ ಹೊರಡಿಸಿಕೊಂಡರು. ನಾವು ಶಿಫಾರಸು ಓದಿಕೊಂಡು ಕೂತಿದ್ದೇವೆ.

20ಬೆಡ್:

ಕ್ಯಾಲಿಫೋರ್ನಿಯಾದ ಬಿಲ್ಲನ್ನೂ ಇಲ್ಲಿ ಹಾಕಲು ಬಿಡಿ, ನಾಳೆಯೇ 5ಕ್ಕೆ ಒಬ್ಬರನ್ನು ಇಡ್ತೀನಿ. ತಮಾಷೆ ಬಿಡಿ. ನನ್ನ ಒಂದು ಸಲಹೆ ಕೇಳಿ. ಕಾನೂನು ಮಾಡುವುದಾದರೆ ಮೊದಲು ದೊಡ್ಡವರ ಮೇಲೆ ಮಾಡಿ. 500 ಬೆಡ್ ಇರುವ ಕಾರ್ಪೊರೇಟ್ ಆಸ್ಪತ್ರೆ ಒಂದು ರೂಮಿಗೆ ದಿನಕ್ಕೆ ಎಷ್ಟು ತೆಗೆದುಕೊಳ್ಳುತ್ತದೆ ಅಂತ ಎಲ್ಲರಿಗೂ ಗೊತ್ತು. ಅಲ್ಲಿನ ನರ್ಸ್‌ಗೂ 20 ಸಾವಿರದ ಆಸುಪಾಸು ಅಂದರೆ ಅದು ಕಷ್ಟ ಅಲ್ಲ, ಚಾಳಿ. ನಮ್ಮಂಥ ಸಣ್ಣವರಿಗೆ ಸರ್ಕಾರಿ ಯೋಜನೆಯ ದರದಲ್ಲೇ ನರ್ಸ್ ಸಂಬಳದ ಭಾಗ ಅಂತ ಬೇರೆ ತೆಗೆದು ಕೊಡಲಿ. ಅದನ್ನು ನೇರವಾಗಿ ಅವರ ಖಾತೆಗೇ ಹಾಕಲಿ, ನನ್ನ ಕೈಗೆ ಬೇಡ.

ಮೀಸೆ_ಬ್ರದರ್:

ಡಾಕ್ಟ್ರು ಹೇಳಿದ ಕೊನೆಯ ಸಾಲು ನನಗೆ ಇಷ್ಟ ಆಯ್ತು. ಯಾರಾದರೂ ಬರೆದಿಟ್ಟುಕೊಳ್ಳಿ.

ಹಳದೀಪುರ_ಕಡೆಯವ:

ಸಂಬಳದ ಜೊತೆ ಇನ್ನೊಂದು ಇದೆ, ಯಾರೂ ಎತ್ತಲಿಲ್ಲ. ನಮ್ಮ ಹೊನ್ನಾವರ ತಾಲ್ಲೂಕಿನ ಹಳದೀಪುರದಿಂದ ಮುಂಬೈ ಕೆಇಎಂ ಆಸ್ಪತ್ರೆಗೆ ಹೋದ ನರ್ಸ್ ಅರುಣಾ ಶಾನಭಾಗ್. 1973ರಲ್ಲಿ ಡ್ಯೂಟಿ ಮುಗಿಸಿ ಬಟ್ಟೆ ಬದಲಿಸುವಾಗ ಅದೇ ಆಸ್ಪತ್ರೆಯ ನೌಕರನಿಂದ ಹಲ್ಲೆ. ಮಿದುಳಿಗೆ ಪೆಟ್ಟಾಗಿ 2015ರಲ್ಲಿ ತೀರಿಕೊಳ್ಳುವವರೆಗೂ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿ. ಅಷ್ಟು ವರ್ಷ ನೋಡಿಕೊಂಡಿದ್ದು ಅಲ್ಲಿನ ನರ್ಸ್‌ಗಳೇ. ಈಗಲೂ ಎಷ್ಟು ಆಸ್ಪತ್ರೆಗಳಲ್ಲಿ ನರ್ಸ್‌ಗಳಿಗೆ ಒಳಗಿನಿಂದ ಚಿಲಕ ಹಾಕುವ ಬಟ್ಟೆ ಬದಲಿಸುವ ಕೋಣೆ ಇದೆ? ಮಧ್ಯರಾತ್ರಿ ಶಿಫ್ಟ್ ಬದಲಾದರೆ ಮನೆಗೆ ಬಿಡಲು ಗಾಡಿ ಇದೆಯಾ? ಹೆಣ್ಣುಮಕ್ಕಳನ್ನು ನರ್ಸಿಂಗ್‌ಗೆ ಕಳಿಸಲು ಮನೆಯವರು ಹಿಂದೆಮುಂದೆ ನೋಡುವುದು ಸುಮ್ನೆ ಅಲ್ಲ.

ರಾತ್ರಿಪಾಳಿ:

ನಮ್ಮಲ್ಲಿ ಲಿನನ್ ಇಡುವ ಕೋಣೆಯಲ್ಲೇ ಬದಲಿಸಬೇಕು. ಚಿಲಕ ಇಲ್ಲ. ಒಬ್ಬಳು ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುತ್ತಾಳೆ.

ಘಟಪ್ರಭಾ:

ಎಲ್ಲರಿಗೂ ಧನ್ಯವಾದ. ಈ ಥ್ರೆಡ್ ಅನ್ನು ಹುಡುಗಿಗೇ ಓದಿಸಿದೆ. ಹೆದರುತ್ತಾಳೆ ಅಂದುಕೊಂಡಿದ್ದೆ. "ಮಾಮಾ, ಪೇರೆಂಟ್ ಹಾಸ್ಪಿಟಲ್ ಅಂದ್ರೆ ಹೇಗೆ ಚೆಕ್ ಮಾಡೋದು ಕೇಳಿ" ಅಂತಾಳೆ. ಹಟಮಾರಿ. ಟ್ಯೂಟರಮ್ಮ, ದಯವಿಟ್ಟು.

ಟ್ಯೂಟರಮ್ಮ:

ಒಳ್ಳೆಯ ಹುಡುಗಿ. ಈಗ ಬಿಎಸ್ಸಿ ನರ್ಸಿಂಗ್ ಸೀಟು ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮೂಲಕವೂ ಸಿಗುತ್ತದೆ, ಏಜೆಂಟ್ ಹತ್ತಿರ ಹೋಗಲೇಬೇಡಿ. ಸರ್ಕಾರಿ ಕಾಲೇಜು ಸಿಕ್ಕರೆ ಕಣ್ಣುಮುಚ್ಚಿ ಸೇರಿಸಿ. ಖಾಸಗಿ ಆದರೆ ಹೇಳದೆ ಕೇಳದೆ ಒಂದು ಮಧ್ಯಾಹ್ನ ಅವರ ಆಸ್ಪತ್ರೆಗೆ ಹೋಗಿ ಒಪಿಡಿ ಬೆಂಚಿನಲ್ಲಿ ಒಂದು ಗಂಟೆ ಕೂತುಕೊಳ್ಳಿ. ಎಷ್ಟು ಜನ ಬಂದುಹೋಗುತ್ತಾರೆ ನೋಡಿ. ಲೇಬರ್ ರೂಮ್ ಇದೆಯಾ, ಐಸಿಯು ನಡೆಯುತ್ತಿದೆಯಾ ಕೇಳಿ. ಮೂರನೇ ವರ್ಷದ ಮಕ್ಕಳು ಸಿಕ್ಕರೆ "ನೀನೇ ಕೈಯಾರೆ ಎಷ್ಟು ಡೆಲಿವರಿ ಮಾಡಿಸಿದ್ದೀಯಾ" ಅಂತ ಕೇಳಿ. ಉತ್ತರಕ್ಕಿಂತ ಮುಖ ನೋಡಿ. ಒರಿಜಿನಲ್ ಸರ್ಟಿಫಿಕೇಟ್ ಯಾರಿಗೂ ಕೊಟ್ಟು ಬರಬೇಡಿ, ದೃಢೀಕರಿಸಿದ ಪ್ರತಿ ಸಾಕು.

ಅಂಕಿಅಂಶ:

ಒಂದು ಕೆಲಸ ನಾವೂ ಮಾಡಬಹುದಾ? ಮೀಸೆ ಬ್ರದರ್ ಹೇಳಿದ ಮಂಜೂರಾಗದ ಹುದ್ದೆಯ ಮಾತು ನನ್ನನ್ನು ಬಿಡುತ್ತಿಲ್ಲ. ಜಿಲ್ಲೆಗೆ ಒಬ್ಬರಂತೆ ಜಿಲ್ಲಾ ಆಸ್ಪತ್ರೆಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕೋಣ. ಮಂಜೂರಾದ ಹಾಸಿಗೆ ಎಷ್ಟು, ಈಗ ನಡೆಯುತ್ತಿರುವ ಹಾಸಿಗೆ ಎಷ್ಟು, ನರ್ಸ್ ಹುದ್ದೆ ಕೊನೆಯ ಸಲ ಮಂಜೂರಾಗಿದ್ದು ಯಾವ ವರ್ಷ, ಖಾಯಂ, ಗುತ್ತಿಗೆ, ಹೊರಗುತ್ತಿಗೆ ತಲಾ ಎಷ್ಟು ಜನ, ಕಳೆದ ತಿಂಗಳ ನೈಟ್ ಡ್ಯೂಟಿ ಪಟ್ಟಿಯ ಪ್ರತಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ ಒಂದೇ ವಿಷಯದ ಮೇಲೆ, 150 ಪದದೊಳಗೆ ಇರಬೇಕು. ಉದ್ದ ಬರೆದರೆ ಅದನ್ನೇ ನೆಪ ಮಾಡಿ ವಾಪಸ್ ಕಳಿಸುತ್ತಾರೆ. ಕರಡು ನಾನು ಬರೆಯುತ್ತೇನೆ.

ವಾರ್ಡ್_ಹೊರಗೆ:

ತುಮಕೂರು ನನಗೆ ಬಿಡಿ.

ಹಳದೀಪುರ_ಕಡೆಯವ:

ಉತ್ತರ ಕನ್ನಡ ನಾನು. ಪ್ರಶ್ನೆಯಲ್ಲಿ ಚಿಲಕ ಇರುವ ಕೋಣೆಯನ್ನೂ ಸೇರಿಸಿ.

ಮೀಸೆ_ಬ್ರದರ್:

ನಾನು ಒಳಗಿನವನು, ನನ್ನ ಹೆಸರಲ್ಲಿ ಹಾಕಿದರೆ ನಾಳೆಯೇ ವರ್ಗಾವಣೆ. ಆದರೆ ಯಾವ ಟೇಬಲ್ಲಿನ ಯಾವ ಫೈಲಿನಲ್ಲಿ ಇದೆಲ್ಲ ಸಿಗುತ್ತದೆ ಅಂತ ಗೊತ್ತು. ಕರಡು ರೆಡಿಯಾದ ಮೇಲೆ ನನಗೊಮ್ಮೆ ತೋರಿಸಿ. "ಮಾಹಿತಿ ಲಭ್ಯವಿಲ್ಲ" ಅಂತ ಬರೆದು ಕಳಿಸಲು ಆಗದ ಹಾಗೆ ರಿಜಿಸ್ಟರಿನ ಹೆಸರು ಸಮೇತ ಕೇಳೋಣ.